ಚಾಮುಂಡಿ ಬೆಟ್ಟ ಹತ್ತುವಾಗ ಪೆಡಲಿನ ಸುತ್ತಿಗೊಂದು ‘ಟಕ್’. ಬೇರಿಂಗ್ ಬದಲಿಸಿದರೂ ಹೋಗಿಲ್ಲ

ನಂಜುಮಳಿಗೆ ಸವಾರ · ಭಾನುವಾರ, ಬೆಳಿಗ್ಗೆ 11.20

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ವರ್ಷ ಹಳೆಯ ಮೌಂಟನ್ ಬೈಕು. ಮುಂದೆ ಪೆಡಲಿನ ಬಳಿ ಮೂರು ಚೈನ್‌ರಿಂಗ್, ಅಂದರೆ ಹಲ್ಲುಚಕ್ರ (42, 32, 22 ಹಲ್ಲು), ಹಿಂದೆ ಗಾಲಿಯ ಬಳಿ ಎಂಟು ಸ್ಪ್ರಾಕೆಟ್‌ಗಳ, ಅಂದರೆ ಹಲ್ಲುಚಕ್ರಗಳ, ಗೊಂಚಲಾದ ಕ್ಯಾಸೆಟ್. ವಾರಕ್ಕೆರಡು ಸಲ ಲಲಿತಮಹಲ್ ಕಡೆಯಿಂದ ಚಾಮುಂಡಿ ಬೆಟ್ಟ ಹತ್ತಿ, ಮೇಲೊಂದು ಕಾಫಿ ಕುಡಿದು ಇಳಿಯುವುದು ರೂಢಿ.

ಮೂರು ವಾರಗಳಿಂದ ಏರಿನಲ್ಲಿ ‘ಟಕ್’ ಎಂಬ ಸದ್ದು ಬರುತ್ತಿದೆ. ಪೆಡಲ್ ಒಂದು ಸುತ್ತು ಬಂದರೆ ಒಂದು ಟಕ್. ಸಮತಟ್ಟಾದ ರಸ್ತೆಯಲ್ಲಿ ಇಲ್ಲ, ಇಳಿಜಾರಿನಲ್ಲಿ ಇಲ್ಲವೇ ಇಲ್ಲ. ಅಂಗಡಿಗೆ ಒಯ್ದೆ. ಪೆಡಲಿನ ಸುತ್ತಿಗೊಮ್ಮೆ ಬರುತ್ತದೆ ಎಂದ ಕೂಡಲೇ ‘ಬಾಟಮ್ ಬ್ರಾಕೆಟ್ (ಪೆಡಲ್‌ಗಳ ನಡುವಿನ ಅಚ್ಚಿನ ಬೇರಿಂಗ್) ಹೋಗಿದೆ’ ಎಂದು ಬದಲಿಸಿದರು. ಕೂಲಿ ಸೇರಿ 950 ರೂಪಾಯಿ. ಮರುದಿನ ಬೆಟ್ಟಕ್ಕೆ ಹೋದರೆ ಟಕ್ ತನ್ನ ಪಾಡಿಗೆ ತಾನಿದೆ. ಮತ್ತೆ ಕೇಳಿದರೆ ‘ಕ್ರ್ಯಾಂಕ್ ಸೆಟ್ಟನ್ನೇ (ಪೆಡಲಿನ ತೋಳುಗಳು, ಚೈನ್‌ರಿಂಗ್‌ಗಳು ಎಲ್ಲ ಸೇರಿ) ಬದಲಿಸಬೇಕು’ ಎನ್ನುತ್ತಿದ್ದಾರೆ. ಅದು ಮೂರು ಸಾವಿರದ ಮಾತು. ಹಾಕಿಸಿಬಿಡಲೇ?

ಒಂಟಿ ಗೇರು · ಭಾನುವಾರ, ಬೆಳಿಗ್ಗೆ 11.48

ನಮ್ಮ ತಂದೆಯವರ ಕರಿ ಸೈಕಲ್ಲಿಗೆ ಇರುವುದು ಒಂದೇ ಗೇರು. ನಂಜನಗೂಡಿಗೆ ಹೋಗಿ ಬಂದಿದೆ, ಕೆ.ಆರ್.ಎಸ್.ಗೆ ಹೋಗಿ ಬಂದಿದೆ, ಒಂದು ದಿನವೂ ಟಕ್ ಎಂದಿಲ್ಲ. ಇಪ್ಪತ್ನಾಲ್ಕು ಗೇರು ಇಟ್ಟುಕೊಂಡವರಿಗೆ ಇಪ್ಪತ್ನಾಲ್ಕು ಚಿಂತೆ. ಚೈನಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ, ಸರಿಹೋಗುತ್ತದೆ.

ಗ್ರೀಸ್ ಕೈ · ಭಾನುವಾರ, ಮಧ್ಯಾಹ್ನ 2.05

ಕೊಬ್ಬರಿ ಎಣ್ಣೆ ತಲೆಗೆ, ಚೈನಿಗಲ್ಲ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಚೈನಿನ ಕೊಂಡಿಯೊಳಗೂ ಗಟ್ಟಿಯಾಗುತ್ತದೆ. ಅದಕ್ಕೆ ನಮ್ಮ ಕೆಂಪು ಧೂಳು ಸೇರಿದರೆ ಉಜ್ಜುವ ಪೇಸ್ಟ್ ಸಿದ್ಧ.

ಸವಾರರೇ, ಕ್ರ್ಯಾಂಕ್ ಸೆಟ್ಟಿಗೆ ಈಗಲೇ ದುಡ್ಡು ಕೊಡಬೇಡಿ. ಮೊದಲು ಕಾಸು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಅದು ಸೀಟಿನದ್ದೋ ಸೀಟ್ ಪೋಸ್ಟಿನದ್ದೋ. ಬಲಗಾಲು ತೆಗೆದು ಎಡಗಾಲಿನಿಂದ ಮಾತ್ರ ತುಳಿಯಿರಿ, ಆಮೇಲೆ ಬಲಗಾಲಿನಿಂದ ಮಾತ್ರ. ಒಂದೇ ಕಡೆ ಸದ್ದಾದರೆ ಆ ಬದಿಯ ಪೆಡಲನ್ನು ಬಿಚ್ಚಿ, ಅದರ ಮರೆಗೆ (ತಿರುಪಿನ ಸುರುಳಿಗೆ) ಗ್ರೀಸ್ ಹಚ್ಚಿ ಬಿಗಿಯಾಗಿ ಕೂರಿಸಿ. ಎಡಗಡೆಯ ಪೆಡಲಿನ ಮರೆ ತಿರುಗುಮುರುಗು, ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅದನ್ನು ಮರೆತು ಬಲ ಹಾಕಿ ಕ್ರ್ಯಾಂಕನ್ನೇ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ. ನಂತರ ಚೈನ್‌ರಿಂಗ್‌ನ ಬೋಲ್ಟ್‌ಗಳನ್ನು ನೋಡಿ. ಕೊನೆಗೆ ಎರಡೂ ಕ್ರ್ಯಾಂಕ್‌ಗಳನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಒಂದು ಕೂದಲೆಳೆಯಷ್ಟು ಆಟ ಇದ್ದರೂ ಕೈಗೆ ಗೊತ್ತಾಗುತ್ತದೆ.

ನಾಲೆ ಏರಿ · ಭಾನುವಾರ, ಸಂಜೆ 6.30

ನಾನು ಮಂಡ್ಯದವನು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಸೈಕಲ್ ಬಿಡುವುದನ್ನು 2023ರ ಆಗಸ್ಟ್ 1ರಿಂದ ನಿಲ್ಲಿಸಿದ ಮೇಲೆ ನನ್ನ ಓಡಾಟವೆಲ್ಲ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆಯೇ. ಕಬ್ಬು ಕಡಿಯುವ ಕಾಲದಲ್ಲಿ ಸೋಗೆಯ ನಾರು ಹಿಂದಿನ ಡಿರೈಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನದ) ಪುಟ್ಟ ಚಕ್ರಗಳಿಗೆ ಸುತ್ತಿಕೊಂಡು ಇದೇ ರೀತಿ ಟಕ್ ಟಕ್ ಎನ್ನುತ್ತಿತ್ತು. ಹೊರಗಿನಿಂದ ಕಾಣುವುದೇ ಇಲ್ಲ, ಚಕ್ರವನ್ನು ಬಿಚ್ಚಿದಾಗ ಹಗ್ಗದಂತೆ ಹೊಸೆದುಕೊಂಡಿತ್ತು. ಅಲ್ಲಿಯೂ ಒಮ್ಮೆ ನೋಡಿ.

ನಂಜುಮಳಿಗೆ ಸವಾರ · ಸೋಮವಾರ, ರಾತ್ರಿ 8.15

ಗ್ರೀಸ್ ಕೈ ಅಣ್ಣ, ನೀವು ಹೇಳಿದ್ದನ್ನೆಲ್ಲ ಮಾಡಿದೆ. ನಿಂತು ತುಳಿದರೂ ಟಕ್, ಒಂಟಿ ಕಾಲಿನಲ್ಲೂ ಟಕ್. ಪೆಡಲ್‌ಗಳನ್ನು ತಮ್ಮನ ಸೈಕಲ್ಲಿನಿಂದ ತಂದು ಹಾಕಿದೆ, ಆಗಲೂ ಟಕ್. ಕ್ರ್ಯಾಂಕಿನಲ್ಲಿ ಆಟವಿಲ್ಲ. ಡಿರೈಲರ್ ಚಕ್ರಗಳಲ್ಲಿ ಕೊಳೆ ಇತ್ತು, ನಾರು ಇರಲಿಲ್ಲ, ತೊಳೆದೆ.

ಇನ್ನೆರಡು ಸಂಗತಿಗಳಿವೆ, ಮುಖ್ಯವೋ ಅಲ್ಲವೋ ತಿಳಿಯದು. ಮುಂದೆ ಸಣ್ಣ ಚೈನ್‌ರಿಂಗ್, ಹಿಂದೆ ದೊಡ್ಡದರಿಂದ ಮೂರನೆಯದು. ಈ ಜೋಡಿಯಲ್ಲಿ ಮಾತ್ರ ಸದ್ದು ಜೋರು. ಹಿಂದೆ ಒಂದು ಗೇರು ಆಚೆ ಅಥವಾ ಈಚೆ ಹಾಕಿದರೆ ಮಾಯ. ಇನ್ನೊಂದು, ಅದೇ ಗೇರಿನಲ್ಲಿ ಕೆಲವು ದಿನ ಬೆಟ್ಟದ ಉದ್ದಕ್ಕೂ ಸದ್ದೇ ಇರುವುದಿಲ್ಲ. ನಡುವೆ ಗೇರು ಬದಲಿಸಿ ಮತ್ತೆ ಅದಕ್ಕೇ ಬಂದರೆ ಶುರುವಾಗುತ್ತದೆ. ದೆವ್ವ ಹಿಡಿದಂತಿದೆ.

ಗ್ರೀಸ್ ಕೈ · ಸೋಮವಾರ, ರಾತ್ರಿ 8.40

ಸ್ವಾಮೀ, ಇದನ್ನು ಮೊದಲ ದಿನವೇ ಹೇಳಬಾರದಿತ್ತೇ! ಹಿಂದೆ ಯಾವ ಗೇರಿದೆ ಎಂದು ಕೇಳಿಕೊಂಡು ಬಾಟಮ್ ಬ್ರಾಕೆಟ್ ಸದ್ದು ಮಾಡುವುದಿಲ್ಲ. ಒಂದೇ ಗೇರಿನಲ್ಲಿ ಬರುವ ಸದ್ದು ಹಿಂದಿನ ಸಂಸಾರದ್ದು. ಆದರೆ ಸುತ್ತಿಗೊಮ್ಮೆ ಬರುತ್ತದೆ ಎನ್ನುತ್ತಿದ್ದೀರಿ, ಅದೇ ಹೊಂದುತ್ತಿಲ್ಲ.

ಮಂಡ್ಯದ ಗಣಿತ ಮೇಷ್ಟ್ರು · ಸೋಮವಾರ, ರಾತ್ರಿ 9.30

ಹೊಂದುತ್ತಿಲ್ಲವೆಂದರೆ ಎಣಿಕೆ ತಪ್ಪಿರಬೇಕು. ಸವಾರರು ಸುತ್ತಿಗೊಂದು ಟಕ್ ಎನ್ನುತ್ತಿದ್ದಾರೆ. ಎಷ್ಟು ಸುತ್ತು ಎಣಿಸಿ ಹೀಗೆ ಹೇಳುತ್ತಿದ್ದಾರೆ? ಏರಿನಲ್ಲಿ ಏದುಸಿರು ಬಿಡುತ್ತಾ ಮೂರೋ ನಾಲ್ಕೋ ಸುತ್ತು ಎಣಿಸಿರುತ್ತಾರೆ.

ಎಂಟು ಸ್ಪ್ರಾಕೆಟ್‌ಗಳ 11-32 ಕ್ಯಾಸೆಟ್ಟಿನಲ್ಲಿ ಹಲ್ಲುಗಳು ಸಾಮಾನ್ಯವಾಗಿ 11, 13, 15, 18, 21, 24, 28, 32. ದೊಡ್ಡದರಿಂದ ಮೂರನೆಯದು ಎಂದರೆ 24. ಮುಂದೆ 22. ಪೆಡಲ್ ಒಂದು ಸುತ್ತು ಬಂದರೆ 22 ಹಲ್ಲಿನಷ್ಟು ಚೈನು ಸರಿಯುತ್ತದೆ. ಹಿಂದಿನ ಸ್ಪ್ರಾಕೆಟ್ ಒಂದು ಸುತ್ತಿಗೆ ಇನ್ನೂ ಎರಡು ಹಲ್ಲು ಬಾಕಿ ಉಳಿಸಿಕೊಳ್ಳುತ್ತದೆ. ಮುಂದಿನದೂ ಹಿಂದಿನದೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿವೆ. ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನೀವೂ ಮೋಸ ಹೋಗಿದ್ದೀರಿ, ಅಂಗಡಿಯವರೂ ಮೋಸ ಹೋಗಿದ್ದಾರೆ.

ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಪೆಡಲನ್ನು ಕೈಯಿಂದ ನಿಧಾನವಾಗಿ ಸರಿಯಾಗಿ 12 ಸುತ್ತು ತಿರುಗಿಸಿ. ಇನ್ನೊಬ್ಬರು ಟಕ್ಕುಗಳನ್ನು ಮಾತ್ರ ಎಣಿಸಲಿ. ನೀವೇ ಎರಡನ್ನೂ ಎಣಿಸಿದರೆ ಮನಸ್ಸು ಒಂದಕ್ಕೊಂದು ಗಂಟು ಹಾಕಿಬಿಡುತ್ತದೆ. 12 ಬಂದರೆ ಪೆಡಲ್, ಕ್ರ್ಯಾಂಕ್, ಚೈನ್‌ರಿಂಗ್ ಕಡೆಯದು. 12 ಸುತ್ತಿಗೆ ಸರಿಯುವುದು 264 ಹಲ್ಲು, ಅದನ್ನು 24ರಿಂದ ಭಾಗಿಸಿದರೆ 11. ಹಾಗಾಗಿ 11 ಬಂದರೆ ಹಿಂದಿನದು. ಚೈನಿನ ಒಂದು ಕೊಂಡಿ ಬಿಗಿದಿದ್ದರೆ, 114 ಕೊಂಡಿಯ ಚೈನಿನಲ್ಲಿ ಅದು ಎರಡು ಸಲ, ಹೆಚ್ಚೆಂದರೆ ಮೂರು ಸಲ ಬರುತ್ತದೆ. ಡಿರೈಲರಿನ 11 ಹಲ್ಲಿನ ಪುಟ್ಟ ಚಕ್ರದ್ದಾದರೆ 24 ಸಲ.

ಆಮೇಲೆ ಮುಂದೆ 32ಕ್ಕೆ ಹಾಕಿ ಇನ್ನೊಮ್ಮೆ 12 ಸುತ್ತು ಎಣಿಸಿ. ಹಿಂದಿನದಾದರೆ ಆಗ 16 ಬರಬೇಕು.

ನಂಜುಮಳಿಗೆ ಸವಾರ · ಮಂಗಳವಾರ, ರಾತ್ರಿ 7.50

ಮೇಷ್ಟ್ರೇ, ಅಮ್ಮನನ್ನು ಹಜಾರದಲ್ಲಿ ಕೂರಿಸಿಕೊಂಡು ಎಣಿಸಿದೆ. ಅಮ್ಮ ಜಪಮಣಿಯ ಅಭ್ಯಾಸವಿರುವವರು, ಲೆಕ್ಕ ತಪ್ಪುವುದಿಲ್ಲ. ಸಣ್ಣ ಚೈನ್‌ರಿಂಗ್‌ನಲ್ಲಿ 12 ಸುತ್ತಿಗೆ 11. ನಂಬದೆ ಮೂರು ಸಲ ಮಾಡಿಸಿದೆ, ಮೂರು ಸಲವೂ 11. ನಡುವಿನ 32ರಲ್ಲಿ ಸದ್ದು ಮೆತ್ತಗಾಯಿತು, ಆದರೂ ಕಿವಿ ಹತ್ತಿರ ಇಟ್ಟರೆ 16. ದೊಡ್ಡ 42ರಲ್ಲಿ ಏನೂ ಕೇಳಿಸಲಿಲ್ಲ.

ಕೈಯಿಂದ ತಿರುಗಿಸಿದರೂ, ಯಾವ ಭಾರವೂ ಇಲ್ಲದೆ, ಸದ್ದು ಬರುತ್ತದೆ ಎಂಬುದು ನನಗೆ ಇಂದಷ್ಟೇ ಗೊತ್ತಾಗಿದ್ದು. 950 ರೂಪಾಯಿಯನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಒಂಟಿ ಗೇರು · ಮಂಗಳವಾರ, ರಾತ್ರಿ 8.02

ಅಮ್ಮನವರಿಗೆ ಕೂಲಿ ಕೊಟ್ಟಿರಾ?

ಮಂಡ್ಯದ ಗಣಿತ ಮೇಷ್ಟ್ರು · ಮಂಗಳವಾರ, ರಾತ್ರಿ 9.10

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ನಿಮ್ಮ ದೆವ್ವದ ವಿಷಯ. ಅದೇ ಗೇರಿನಲ್ಲಿ ಒಂದು ದಿನ ಸದ್ದು, ಒಂದು ದಿನ ಮೌನ ಎಂದಿದ್ದೀರಲ್ಲ, ನನಗೆ ನಿನ್ನೆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಅದೇ.

ಚೈನಿನಲ್ಲಿ ಕೊಂಡಿಗಳು ಎರಡು ಬಗೆ: ಒಂದು ಒಳಕೊಂಡಿ, ಒಂದು ಹೊರಕೊಂಡಿ, ಸರದಿಯಂತೆ. ಹೊರಕೊಂಡಿ ಅಗಲ, ಒಳಕೊಂಡಿ ಕಿರಿದು. 24 ಸಮಸಂಖ್ಯೆ. ಆದ್ದರಿಂದ ಚೈನು ಒಮ್ಮೆ ಆ ಸ್ಪ್ರಾಕೆಟ್ಟಿನ ಮೇಲೆ ಕೂತಿತೆಂದರೆ, ಮೊದಲ ಸುತ್ತಿನಲ್ಲಿ ಯಾವ ಹಲ್ಲಿಗೆ ಹೊರಕೊಂಡಿ ಸಿಕ್ಕಿತೋ ಗೇರು ಬದಲಿಸುವವರೆಗೂ ಆ ಹಲ್ಲಿಗೆ ಹೊರಕೊಂಡಿಯೇ. ಬದಲಿಸಿ ಮರಳಿ ಬಂದಾಗ ಸರದಿ ತಿರುಗಿರಬಹುದು, ತಿರುಗದೆಯೂ ಇರಬಹುದು. ಅಂದರೆ ಎಲ್ಲೋ ಒಂದೇ ಒಂದು ಜಾಗ ಚೈನಿಗೆ ತಾಗುತ್ತಿದೆ. ಹೊರಕೊಂಡಿ ಎದುರಾದ ದಿನ ಟಕ್, ಒಳಕೊಂಡಿ ಎದುರಾದ ದಿನ ಮೌನ. 21 ಅಥವಾ 15ರಲ್ಲಿ ಇಂಥದ್ದು ನಡೆಯುವುದಿಲ್ಲ. ಬೆಸ ಹಲ್ಲಾದ್ದರಿಂದ ಸುತ್ತು ಬಿಟ್ಟು ಸುತ್ತು ಸದ್ದು ಬರುತ್ತಿತ್ತು.

ತಾಗುತ್ತಿರುವುದು ಪಕ್ಕದ 28ರ ಮೈಯೇ ಇರಬೇಕು. ಎಂಟು ಗೇರಿನ ಕ್ಯಾಸೆಟ್ಟಿನಲ್ಲಿ ಒಂದು ಸ್ಪ್ರಾಕೆಟ್ಟಿನ ನಡುವಿನಿಂದ ಮುಂದಿನದರ ನಡುವಿಗೆ 4.8 ಮಿಲಿಮೀಟರ್. ಸ್ಪ್ರಾಕೆಟ್ಟಿನ ದಪ್ಪ ಸುಮಾರು 1.8, ಚೈನಿನ ಹೊರ ಅಗಲ ಸುಮಾರು 7.1. ಕೂಡಿ ಕಳೆದರೆ ಚೈನಿಗೂ ಪಕ್ಕದ ದೊಡ್ಡ ಸ್ಪ್ರಾಕೆಟ್ಟಿಗೂ ನಡುವೆ ಉಳಿಯುವುದು 0.35 ಮಿಲಿಮೀಟರ್. ಮದುವೆ ಪತ್ರಿಕೆಯ ದಪ್ಪ. ಸಣ್ಣ ಚೈನ್‌ರಿಂಗ್ ಒಳಗಡೆ ಇರುವುದರಿಂದ ಚೈನು 28ರ ಕಡೆಗೆ ವಾಲುತ್ತದೆ. 42ಕ್ಕೆ ಹಾಕಿದರೆ ಹೊರಕ್ಕೆ ವಾಲಿ ಬಿಡಿಸಿಕೊಳ್ಳುತ್ತದೆ. ನೀವು ಕೇಳಿಸಿಕೊಂಡದ್ದೂ ಹಾಗೆಯೇ ಇದೆ.

ತಾಗುವುದು ಏಕೆ ಎಂಬುದು ನನ್ನ ವಿಷಯವಲ್ಲ. ಸ್ಪ್ಯಾನರ್ ಹಿಡಿಯುವವರು ಹೇಳಲಿ.

ಕುಂತಿಬೆಟ್ಟದ ಅಕ್ಕ · ಬುಧವಾರ, ಬೆಳಿಗ್ಗೆ 7.25

ಮೇಷ್ಟ್ರೇ, ಶರಣು. ಪಾಂಡವಪುರದ ಕಡೆ ಕಲ್ಲಿನ ದಾರಿಯಲ್ಲಿ ಓಡಿಸುವ ನಮಗೆ ಗೇರಿನ ಸದ್ದು ಹೊಸದಲ್ಲ, ಆದರೆ ಹೀಗೆ ಲೆಕ್ಕ ಹಾಕಿದ್ದು ನೋಡಿರಲಿಲ್ಲ.

ಸವಾರ ತಮ್ಮಾ, ಏನನ್ನೂ ಬಿಚ್ಚುವ ಮೊದಲು ಕೇಬಲಿನ ಬಿಗಿತ ನೋಡು. ಹಿಂದಿನ ಡಿರೈಲರಿಗೆ ಕೇಬಲ್ ಸೇರುವಲ್ಲಿ ಕೈಯಿಂದ ತಿರುಗಿಸುವ ಸಣ್ಣ ತಿರುಪು ಇದೆ. ಹಿಂದೆ ನಿಂತು ನೋಡುವಾಗ ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಕೇಬಲ್ ಬಿಗಿದು ಚೈನು ದೊಡ್ಡ ಸ್ಪ್ರಾಕೆಟ್ಟಿನ ಕಡೆಗೆ ಹೋಗುತ್ತದೆ, ಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಣ್ಣದರ ಕಡೆಗೆ. ಒಮ್ಮೆಗೆ ಕಾಲು ಸುತ್ತು ಮಾತ್ರ. ಸರಿ ಕೂತಿದೆಯೋ ಇಲ್ಲವೋ ಎಂದು ತಿಳಿಯಲು ಗೇರು ತಯಾರಿಸುವ ಶಿಮಾನೊದವರು ಹೇಳುವ ಉಪಾಯ ನನಗೆ ಇಷ್ಟ: ಚೈನನ್ನು ಚಿಕ್ಕದರಿಂದ ಎರಡನೆಯ ಸ್ಪ್ರಾಕೆಟ್ಟಿಗೆ ಹಾಕು. ಪೆಡಲ್ ತಿರುಗಿಸುತ್ತಾ ಗೇರಿನ ಸನ್ನೆಯನ್ನು ಅದರ ಸಡಿಲು ಇರುವಷ್ಟು ಮಾತ್ರ ಒತ್ತಿ ಹಿಡಿ, ಗೇರು ಬೀಳಬಾರದು. ಆಗ ಚೈನು ಮೂರನೆಯದಕ್ಕೆ ಸವರಿ ಕರಕರ ಎನ್ನಬೇಕು, ಬೆರಳು ಬಿಟ್ಟರೆ ಸುಮ್ಮನಾಗಬೇಕು. ಒತ್ತದೆಯೇ ಸವರಿದರೆ ಕೇಬಲ್ ಬಿಗಿ ಹೆಚ್ಚಾಯಿತು, ಒತ್ತಿದರೂ ಸವರದಿದ್ದರೆ ಕಡಿಮೆಯಾಯಿತು.

ಗೇರು ಬದಲಿಸಿದ ಮೇಲೆ ಚೈನು ತಡವಾಗಿ ಬೀಳುತ್ತಿದ್ದರೆ ಹೊರಕವಚದೊಳಗೆ ಕೇಬಲ್ ತುಕ್ಕು ಹಿಡಿದಿರುತ್ತದೆ. ಆಗ ತಿರುಪಿನ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಕೇಬಲನ್ನೇ ಬದಲಿಸು.

ನಂಜುಮಳಿಗೆ ಸವಾರ · ಬುಧವಾರ, ರಾತ್ರಿ 9.00

ಅಕ್ಕಾ, ಮಾಡಿ ನೋಡಿದೆ. ವಿಚಿತ್ರವಾಗಿದೆ. ಸಣ್ಣ ಸ್ಪ್ರಾಕೆಟ್‌ಗಳಲ್ಲಿ ನೀವು ಹೇಳಿದ ಪರೀಕ್ಷೆಗೆ ಸರಿಯಾಗಿ ಕೂರಿಸಿದರೆ 24ರಲ್ಲಿ ಟಕ್. 24 ಸುಮ್ಮನಾಗುವಷ್ಟು ಸಡಿಲಿಸಿದರೆ ಸಣ್ಣವುಗಳಲ್ಲಿ ಗೇರು ಏರುವುದೇ ಇಲ್ಲ, ಎರಡು ಸಲ ಒತ್ತಬೇಕು. ಹಗ್ಗಜಗ್ಗಾಟ. ಕೇಬಲ್ ಹೋದ ದೀಪಾವಳಿಯಲ್ಲಿ ಹಾಕಿಸಿದ್ದು, ನುಣ್ಣಗೆ ಓಡುತ್ತಿದೆ.

ಗ್ರೀಸ್ ಕೈ · ಬುಧವಾರ, ರಾತ್ರಿ 9.35

ಒಂದು ತುದಿಗೆ ಸರಿ ಮಾಡಿದರೆ ಇನ್ನೊಂದು ತುದಿ ಕೆಡುತ್ತದೆ ಎಂದರೆ ಡಿರೈಲರ್ ನೆಟ್ಟಗೆ ತೂಗುತ್ತಿಲ್ಲ. ಈಗ ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಡಿರೈಲರಿನ ಎರಡು ಪುಟ್ಟ ಚಕ್ರಗಳೂ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿ, ಗೋಡೆಗೆ ತೂಗುಬಿಟ್ಟ ದಾರದಂತೆ ಇರಬೇಕು. ಕೆಳಗಿನ ಚಕ್ರ ಗಾಲಿಯ ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಡಿರೈಲರನ್ನು ಚೌಕಟ್ಟಿಗೆ ಹಿಡಿದಿರುವ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದಾಗ ಚೌಕಟ್ಟು ಉಳಿದು ತಾನು ಬಾಗಲಿ ಎಂದೇ ಮೆತ್ತಗೆ ಮಾಡಿರುತ್ತಾರೆ. ಸೈಕಲ್ ಬಲಗಡೆಗೆ ಬಿದ್ದಿತ್ತೇ? ನೆನಪು ಮಾಡಿಕೊಳ್ಳಿ.

ಇದನ್ನು ಅಳೆಯುವ ಉದ್ದ ತೋಳಿನ ಸಾಧನ ಇದೆ, ನನ್ನ ಹತ್ತಿರವೂ ಇದೆ. ಮನೆಯಲ್ಲೇ ಮಾಡುವ ದಾರಿಯೂ ಒಂದಿದೆ. ಹ್ಯಾಂಗರಿನ ತೂತಿನ ಮರೆ 10 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರದ್ದು. ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಗಾಲಿ ಬಿಚ್ಚುವ ಸರಳು) ಇರುವ ಬಹುಪಾಲು ಹಿಂದಿನ ಗಾಲಿಗಳ ಅಚ್ಚಿನ ಮರೆಯೂ ಅದೇ. ನಿಮ್ಮ ತಮ್ಮನ ಸೈಕಲ್ಲಿನ ಹಿಂಗಾಲಿ ಅಂಥದ್ದಾದರೆ ಅದರ ಸರಳನ್ನು ಹೊರತೆಗೆದು, ನಿಮ್ಮ ಡಿರೈಲರ್ ಬಿಚ್ಚಿ, ಆ ಗಾಲಿಯ ಅಚ್ಚಿನ ತುದಿಯನ್ನು ಹ್ಯಾಂಗರಿಗೆ ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಮೂರು ನಾಲ್ಕು ಸುತ್ತು ಹಿಡಿದರೆ ಸಾಕು. ಈಗ ಎರಡು ಗಾಲಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಮೇಲೆ, ಕೆಳಗೆ, ಹಿಂದೆ, ಮುಂದೆ, ನಾಲ್ಕೂ ಕಡೆ ರಿಮ್ಮಿನಿಂದ ರಿಮ್ಮಿಗೆ ಅಂತರ ಅಳೆಯಿರಿ. ಮೂರು ನಾಲ್ಕು ಮಿಲಿಮೀಟರ್ ಒಳಗಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಗಾಲಿಯನ್ನೇ ಸನ್ನೆಕೋಲು ಮಾಡಿಕೊಂಡು ನಿಧಾನವಾಗಿ ಎಳೆಯಿರಿ.

ಮೂರು ಎಚ್ಚರಿಕೆ. ನಿಮ್ಮ ಸ್ವಂತ ಹಿಂಗಾಲಿ ಚೌಕಟ್ಟಿನಲ್ಲಿ ಬಿಗಿಯಾಗಿ ಇರಲಿ, ಇಲ್ಲದಿದ್ದರೆ ಚೌಕಟ್ಟಿಗೆ ನೋವಾಗುತ್ತದೆ. ಅಲ್ಯೂಮಿನಿಯಂ ಹಿಂದೆ ಮುಂದೆ ಬಾಗಿಸಿದರೆ ಮುರಿಯುತ್ತದೆ, ಆದ್ದರಿಂದ ಒಂದೇ ದಿಕ್ಕಿಗೆ, ಸ್ವಲ್ಪಸ್ವಲ್ಪವಾಗಿ. ಮತ್ತೆ ಒಂಟಿ ಗೇರಿನವರ ತಂದೆಯವರ ಸೈಕಲ್ಲಿನ ಗಾಲಿಯನ್ನು ಇದಕ್ಕೆ ಬಳಸಬೇಡಿ. ಅದರ ಅಚ್ಚು ಇಂಚಿನ ಅಳತೆಯದು, ಬಲವಂತ ಮಾಡಿದರೆ ಹ್ಯಾಂಗರಿನ ಮರೆ ಕಿತ್ತುಬರುತ್ತದೆ.

ಒಂಟಿ ಗೇರು · ಬುಧವಾರ, ರಾತ್ರಿ 9.41

ಕೇಳಿದ್ದರೂ ಕೊಡುತ್ತಿರಲಿಲ್ಲ.

ನಂಜುಮಳಿಗೆ ಸವಾರ · ಗುರುವಾರ, ರಾತ್ರಿ 10.10

ಅಣ್ಣ, ವಾಲಿರುವುದು ನಿಜ. ಬರಿಗಣ್ಣಿಗೇ ಕಾಣುತ್ತಿದೆ, ಇಷ್ಟು ದಿನ ನೋಡಿಯೇ ಇರಲಿಲ್ಲ ಎಂದು ನಾಚಿಕೆಯಾಯಿತು. ಬಿದ್ದದ್ದೂ ನೆನಪಾಯಿತು. ಕಳೆದ ತಿಂಗಳು ಕರಿಘಟ್ಟಕ್ಕೆ ಹೋಗಿದ್ದಾಗ ಮೆಟ್ಟಿಲ ಬಳಿ ಸೈಕಲ್ ಒರಗಿಸಿದ್ದೆ, ಗಾಳಿಗೆ ಬಲಮಗ್ಗುಲಿಗೆ ಉರುಳಿತ್ತು. ಗೀರು ಬಿದ್ದಿಲ್ಲವೆಂದು ಎತ್ತಿಕೊಂಡು ಬಂದಿದ್ದೆ.

ತಮ್ಮನ ಗಾಲಿ ಸರಿಹೊಂದಿತು. ಅಳೆದಾಗ ಮೇಲಿನ ಅಂತರಕ್ಕಿಂತ ಕೆಳಗಿನದು 14 ಮಿಲಿಮೀಟರ್ ಕಡಿಮೆ. ಎಳೆಯುವಾಗ ಕೈ ನಡುಗುತ್ತಿತ್ತು. ಐದಾರು ಸಲ ಎಳೆದು ಅಳೆದು, ಎಳೆದು ಅಳೆದು, ಈಗ 3ಕ್ಕೆ ತಂದು ನಿಲ್ಲಿಸಿದ್ದೇನೆ. ಡಿರೈಲರ್ ಕೂರಿಸಿ ಅಕ್ಕ ಹೇಳಿದಂತೆ ಕೇಬಲ್ ಹೊಂದಿಸಿದೆ. ಎಂಟೂ ಗೇರುಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬೀಳುತ್ತಿವೆ. ನಡುವಿನ 32ರಲ್ಲಿ ಸದ್ದು ಪೂರ್ತಿ ಹೋಯಿತು.

ಸಣ್ಣ ಚೈನ್‌ರಿಂಗ್‌ನಲ್ಲಿ ಮಾತ್ರ ಇನ್ನೂ ಇದೆ. ಮೊದಲಿನಷ್ಟಿಲ್ಲ, ಉಗುರಿನಿಂದ ಮೇಜು ತಟ್ಟಿದಷ್ಟು. ಅಮ್ಮನ ಲೆಕ್ಕ ಈಗಲೂ 11.

ನಾಲೆ ಏರಿ · ಶುಕ್ರವಾರ, ಬೆಳಿಗ್ಗೆ 6.50

ಚೈನು ಸವೆದಿರಬಹುದಲ್ಲವೇ? ನಾಲ್ಕು ವರ್ಷ ಎಂದರಲ್ಲ.

ಗ್ರೀಸ್ ಕೈ · ಶುಕ್ರವಾರ, ಮಧ್ಯಾಹ್ನ 1.15

ಸವೆದ ಚೈನು ಒಂದು ಜಾಗದಲ್ಲಿ ಟಕ್ ಎನ್ನುವುದಿಲ್ಲ, ಎಲ್ಲ ಗೇರಿನಲ್ಲೂ ಗೊಣಗುತ್ತದೆ, ಬಲ ಹಾಕಿದಾಗ ಜಾರುತ್ತದೆ. ಆದರೂ ಅಳೆಯುವುದರಲ್ಲಿ ತಪ್ಪಿಲ್ಲ. ಉಕ್ಕಿನ ಟೇಪು ಹಿಡಿಯಿರಿ. ದರ್ಜಿಯ ಟೇಪು ಬೇಡ, ಅದೇ ಹಿಗ್ಗಿರುತ್ತದೆ. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ದಾಟಿದ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. 307 ಮುಟ್ಟಿದರೆ ಎಂಟು ಗೇರಿನ ಚೈನನ್ನು ಬದಲಿಸುವ ಕಾಲ ಬಂದಿದೆ. ಆಗ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ, ಇನ್ನೂ ಓಡಿಸಿದರೆ ಎರಡಕ್ಕೂ ದುಡ್ಡು.

ಸವಾರರೇ, ಸದ್ದು ಕುಗ್ಗಿದೆ ಆದರೆ ಎಣಿಕೆ ಬದಲಾಗಿಲ್ಲ. ಹಾಗಾದರೆ 28ರಲ್ಲಿ ಒಂದು ಹಲ್ಲು ಹೊರಕ್ಕೆ ಬಾಗಿದೆ. ಚೈನನ್ನು ಅತಿ ಚಿಕ್ಕ ಸ್ಪ್ರಾಕೆಟ್ಟಿಗೆ ಇಳಿಸಿ, ಹಿಂದಿನ ಚೌಕಟ್ಟಿಗೆ ಕೈ ಊರಿ, ಒಂದು ಬೆಂಕಿಕಡ್ಡಿಯ ತುದಿಯನ್ನು 28ರ ಹಲ್ಲುಗಳ ಹೊರಮೈಗೆ ತಾಗಿಯೂ ತಾಗದಂತೆ ಹಿಡಿಯಿರಿ. ಪೆಡಲನ್ನು ಮೆಲ್ಲಗೆ ತಿರುಗಿಸಿ. ಕಡ್ಡಿಯನ್ನು ತಟ್ಟುವ ಹಲ್ಲಿಗೆ ಗುರುತು ಹಾಕಿ.

ಕುಂತಿಬೆಟ್ಟದ ಅಕ್ಕ · ಶುಕ್ರವಾರ, ಮಧ್ಯಾಹ್ನ 3.40

ಒಂದು ಮಾತು ಸೇರಿಸುತ್ತೇನೆ ತಮ್ಮಾ, ಇಲ್ಲದಿದ್ದರೆ ಒಳ್ಳೆಯ ಹಲ್ಲನ್ನು ಕೆಡಿಸಿಕೊಳ್ಳುತ್ತೀ. ಇಂದಿನ ಸ್ಪ್ರಾಕೆಟ್‌ಗಳಲ್ಲಿ ಚೈನು ಸುಲಭವಾಗಿ ಹತ್ತಲೆಂದು ಕೆಲವು ಹಲ್ಲುಗಳನ್ನು ಬೇಕೆಂದೇ ಮೊಟಕು ಮಾಡಿರುತ್ತಾರೆ, ಓರೆಯಾಗಿ ಕೊರೆದಿರುತ್ತಾರೆ, ಪಕ್ಕದಲ್ಲಿ ಸಣ್ಣ ಇಳಿಜಾರು ತೋಡಿರುತ್ತಾರೆ. ಮೊದಲ ಸಲ ನೋಡಿದಾಗ ನಾನು ಅವೆಲ್ಲ ಮುರಿದಿವೆ ಎಂದುಕೊಂಡು ಅಂಗಡಿಯವನ ಮೇಲೆ ಹರಿಹಾಯ್ದಿದ್ದೆ. ಗುರುತು ಹಿಡಿಯುವುದು ಸುಲಭ: ಬೇಕೆಂದು ಮಾಡಿದ ಕೆತ್ತನೆ ಸುತ್ತಳತೆಯಲ್ಲಿ ಇನ್ನೂ ಕೆಲವು ಕಡೆ ಹಾಗೆಯೇ ಮರಳಿ ಬಂದಿರುತ್ತದೆ. ಬಾಗಿದ ಹಲ್ಲಿಗೆ ಜೋಡಿ ಇರುವುದಿಲ್ಲ.

ಗ್ರೀಸ್ ಕೈ · ಶುಕ್ರವಾರ, ಸಂಜೆ 5.20

ಅಕ್ಕ ಹೇಳಿದ್ದು ಸರಿ. ಸಿಕ್ಕಿದ ಮೇಲೆ ಸುತ್ತಿಗೆಯ ಕೆಲಸ ಬೇಡ. ಬಾಯಿ ಹಿಗ್ಗಿಸಿ ಕುಗ್ಗಿಸುವ ಚಿಕ್ಕ ಸ್ಪ್ಯಾನರ್ ತೆಗೆದುಕೊಂಡು ಹಲ್ಲನ್ನು ಅಲುಗದಂತೆ ಹಿಡಿದು, ಒಳಕ್ಕೆ ಒಂದು ಚಿಟಿಕೆ ಒತ್ತಿ. ಅಳತೆ ಮೇಷ್ಟ್ರು ಹೇಳಿದ್ದಾರೆ, ನೀವು ಸರಿಪಡಿಸುತ್ತಿರುವುದು ಅರ್ಧ ಮಿಲಿಮೀಟರ್‌ನ ಒಳಗಿನ ಮಾತು. ನಿಮ್ಮದು ಉಕ್ಕಿನ ಕ್ಯಾಸೆಟ್, ಒಪ್ಪಿಕೊಳ್ಳುತ್ತದೆ. ದುಬಾರಿ ಕ್ಯಾಸೆಟ್‌ಗಳ ಅಲ್ಯೂಮಿನಿಯಂ ಸ್ಪ್ರಾಕೆಟ್ಟಿಗೆ ಇದನ್ನು ಮಾಡಿದರೆ ಹಲ್ಲು ಕೈಗೆ ಬರುತ್ತದೆ. ಅಂಚಿನಲ್ಲಿ ಮುಳ್ಳು ಎದ್ದಿದ್ದರೆ ಸಣ್ಣ ಅರದಿಂದ ಎರಡು ಸಲ ಸವರಿ, ಮೂರನೆಯ ಸಲ ಬೇಡ.

ನಂಜುಮಳಿಗೆ ಸವಾರ · ಶನಿವಾರ, ಬೆಳಿಗ್ಗೆ 10.30

ಸಿಕ್ಕಿತು!

ನಿನ್ನೆ ರಾತ್ರಿ ಬೆಂಕಿಕಡ್ಡಿ ಹಿಡಿದು ಕೂತೆ. ಹದಿನೈದು ಹಲ್ಲು ದಾಟಿದವು, ಏನಿಲ್ಲ. ನಂತರದ್ದು ಕಡ್ಡಿಯ ತಲೆಯನ್ನೇ ಹಾರಿಸಿತು. ಅಕ್ಕ ಹೇಳಿದಂತೆ ಅದಕ್ಕೆ ಜೋಡಿ ಹುಡುಕಿದೆ, ಇರಲಿಲ್ಲ. ಅಮ್ಮನ ಅರಿಶಿನ ಹಚ್ಚಿ ಗುರುತು ಮಾಡಿದೆ. ಹಗಲು ಬೆಳಕಿನಲ್ಲಿ ನೋಡಿದರೆ ಆ ಹಲ್ಲಿನ ತುದಿ ಹೊರಕ್ಕೆ ತಿರುಚಿ, ಮೈಮೇಲೆ ಚೈನು ಉಜ್ಜಿದ ಹೊಳೆಯುವ ಗೆರೆ ಇತ್ತು. ಸ್ಪ್ಯಾನರಿನಿಂದ ಒಂದು ಒತ್ತು, ಬೆಂಕಿಕಡ್ಡಿ ಪರೀಕ್ಷೆ, ಇನ್ನೊಂದು ಅರೆ ಒತ್ತು. ಅಷ್ಟೇ.

ಇಂದು ಬೆಳಿಗ್ಗೆ ಬೆಟ್ಟಕ್ಕೆ ಹೋದೆ. ಮೇಷ್ಟ್ರ ಒಳಕೊಂಡಿ ಹೊರಕೊಂಡಿ ನೆನಪಿದ್ದುದರಿಂದ ಒಂದು ಸಲ ಮೌನವಾದರೆ ನಂಬಬಾರದು ಎಂದುಕೊಂಡು, ದಾರಿಯುದ್ದಕ್ಕೂ 24ರಿಂದ ಆಚೀಚೆ ಹಾಕಿ ಎಂಟು ಹತ್ತು ಸಲ ಮರಳಿ ಬಂದೆ. ಪ್ರತಿ ಸಲವೂ ಮೌನ. ಟೈರು ರಸ್ತೆಗೆ ಹತ್ತುವ ಸದ್ದು ಕೇಳಿಸಿತು, ನವಿಲು ಕೂಗಿದ್ದು ಕೇಳಿಸಿತು.

ಹಲ್ಲು ಬಾಗಿದ್ದು ಹೇಗೆ ಎಂಬುದು ಈಗ ಹೊಳೆಯುತ್ತಿದೆ. ಕರಿಘಟ್ಟದಲ್ಲಿ ಬಿದ್ದ ಮರುವಾರ, ಬೆಟ್ಟದ ಕಡಿದಾದ ತಿರುವಿನಲ್ಲಿ ಪೂರ್ತಿ ಬಲ ಹಾಕುತ್ತಲೇ 28ಕ್ಕೆ ಗೇರು ಬದಲಿಸಿದ್ದೆ. ಲಟಾರ್ ಎಂದಿತ್ತು. ವಾಲಿದ ಡಿರೈಲರ್ ಚೈನನ್ನು ಅರೆಬರೆ ಹತ್ತಿಸಿ ಹಲ್ಲಿನ ನೆತ್ತಿಯ ಮೇಲೆ ಕೂರಿಸಿರಬೇಕು, ನನ್ನ ಭಾರವೆಲ್ಲ ಅಲ್ಲೇ ಬಿದ್ದಿರಬೇಕು.

ನಾಲೆ ಏರಿ · ಶನಿವಾರ, ಬೆಳಿಗ್ಗೆ 11.05

ಬಹಳ ಸಂತೋಷ. ಆ ಅಂಗಡಿ ಯಾವುದು ಎಂದು ಹೇಳಿದರೆ ಉಳಿದವರು ಎಚ್ಚರದಿಂದ ಇರಬಹುದು.

ಗ್ರೀಸ್ ಕೈ · ಶನಿವಾರ, ಮಧ್ಯಾಹ್ನ 12.20

ಹೆಸರು ಬೇಡ. ‘ಪೆಡಲ್ ಸುತ್ತಿಗೊಂದು ಸದ್ದು’ ಎಂದು ಯಾರಾದರೂ ನನ್ನ ಅಂಗಡಿಗೆ ಬಂದಿದ್ದರೆ ನನ್ನ ಕೈಯೂ ಮೊದಲು ಬಾಟಮ್ ಬ್ರಾಕೆಟ್ಟಿಗೇ ಹೋಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ತಪ್ಪಾದದ್ದು ಬೇರೆ ಕಡೆ: ಬದಲಿಸುವ ಮೊದಲು ಅಲ್ಲಾಡಿಸಿ ನೋಡಲಿಲ್ಲ, ಬದಲಿಸಿದ ಮೇಲೆ ಓಡಿಸಿ ನೋಡಲಿಲ್ಲ. ಸವಾರರೇ, ಹಳೆಯ ಬಾಟಮ್ ಬ್ರಾಕೆಟ್ ಕೇಳಿ ಪಡೆದುಕೊಳ್ಳಿ. ನುಣ್ಣಗೆ ತಿರುಗುತ್ತಿದ್ದರೆ ಅದು ನಿಮ್ಮ ಬಿಡಿಭಾಗ.

ಮತ್ತೆ ಒಂದು ಹೊಸ ಹ್ಯಾಂಗರ್ ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಒಮ್ಮೆ ಬಾಗಿ ನೆಟ್ಟಗಾದ ಅಲ್ಯೂಮಿನಿಯಂ ಎರಡನೆಯ ಸಲ ಬಾಗುವುದಿಲ್ಲ, ಮುರಿಯುತ್ತದೆ. ಒಂದೊಂದು ಕಂಪನಿಯ ಚೌಕಟ್ಟಿಗೆ ಒಂದೊಂದು ಆಕಾರ, ಆದ್ದರಿಂದ ಹಳೆಯದನ್ನು ಬಿಚ್ಚಿ ತಿರುಪಿನ ತೂತುಗಳ ಜಾಗ ಹೋಲಿಸಿಯೇ ಕೊಳ್ಳಿ.

ಕುಂತಿಬೆಟ್ಟದ ಅಕ್ಕ · ಶನಿವಾರ, ಸಂಜೆ 4.45

ತಮ್ಮಾ, ನಾಳೆ ಬೆಳಿಗ್ಗೆ ಆರಕ್ಕೆ ನಾವು ನಾಲ್ವರು ಲಲಿತಮಹಲ್ ಮುಂದೆ ಸೇರುತ್ತಿದ್ದೇವೆ. ಬರುವಾಗ ನಿನ್ನ ತಮ್ಮನ ಹಿಂಗಾಲಿಯನ್ನೂ ಆಟೋದಲ್ಲಿ ಹಾಕಿಸಿಕೊಂಡು ಬಾ. ಈ ಚರ್ಚೆ ಓದಿದ ಮೇಲೆ ನನ್ನ ಸೈಕಲ್ಲಿನ ಹಿಂದೆ ಕೂತು ನೋಡಿದೆ, ನನ್ನದೂ ವಾಲಿದೆ.